ಮಾರುವಾಗ ಗೊತ್ತಿಲ್ಲದ್ದು ಕೌಂಟರಿನಲ್ಲಿ ಗೊತ್ತಾಗುವುದು ಹೇಗೆ?

‘ವೀಸಾ ಹಾಗೂ ಇತರ ಪ್ರಯಾಣ ದಾಖಲೆಗಳ ಹೊಣೆ ಸಂಪೂರ್ಣವಾಗಿ ಪ್ರಯಾಣಿಕರದ್ದು.’ ಆನ್‌ಲೈನಿನಲ್ಲಿ ವಿಮಾನದ ಟಿಕೆಟ್ ಮಾರುವ ಯಾವ ತಾಣಕ್ಕೆ ಹೋದರೂ ಷರತ್ತುಗಳ ಪುಟದಲ್ಲಿ ಎಲ್ಲೋ ಒಂದು ಕಡೆ ಈ ಅರ್ಥದ ವಾಕ್ಯ ಇದ್ದೇ ಇರುತ್ತದೆ. ಅದನ್ನು ಓದಿದವರು ಕಡಿಮೆ. ಓದದೆಯೇ ‘ಒಪ್ಪಿದ್ದೇನೆ’ ಎಂದು ಗುರುತು ಹಾಕಿದವರು ನಾವೆಲ್ಲರೂ. ನನ್ನ ತಕರಾರು ಇರುವುದು ಈ ವಾಕ್ಯದ ಮೇಲೆ. ಇದು ಪೂರ್ತಿ ಸುಳ್ಳಲ್ಲ, ಅರ್ಧ ಸತ್ಯ. ಮಾರುವವನಿಗೆ ಲಾಭ ಇರುವುದು ಅದು ಹೇಳದೆ ಬಿಟ್ಟ ಇನ್ನರ್ಧದಲ್ಲಿ.

ಹೋಗುವ ದೇಶದ ವೀಸಾ ಬೇಕು ಎನ್ನುವುದು ಇವತ್ತು ಎಲ್ಲರಿಗೂ ಗೊತ್ತು. ಆದರೆ ದಾರಿಯಲ್ಲಿ ವಿಮಾನ ಬದಲಿಸುವ ದೇಶಕ್ಕೂ ಕೆಲವೊಮ್ಮೆ ವೀಸಾ ಬೇಕಾಗುತ್ತದೆ. ಅದೇ ಟ್ರಾನ್ಸಿಟ್ ವೀಸಾ. ಎರಡು ಗಂಟೆ ಕುರ್ಚಿಯಲ್ಲಿ ಕೂತು, ಒಂದು ಕಾಫಿ ಕುಡಿದು, ಹೊರಗಿನ ಗಾಳಿಯನ್ನೂ ಮೂಸದೆ ಮುಂದಿನ ವಿಮಾನ ಹತ್ತುವುದಕ್ಕೆ ಆ ದೇಶದ ಅನುಮತಿ ಏಕೆ ಬೇಕು ಎಂದು ಯಾರಿಗಾದರೂ ಅನ್ನಿಸುವುದು ಸಹಜ. ಬೇಕೇ ಬೇಡವೇ ಎನ್ನುವುದು ನಿಮ್ಮ ಪಾಸ್‌ಪೋರ್ಟು ಯಾವ ದೇಶದ್ದು, ನಿಮ್ಮ ಬಳಿ ಬೇರೆ ಯಾವ ವೀಸಾ ಇದೆ, ಎಷ್ಟು ಕಡೆ ಇಳಿಯುತ್ತೀರಿ, ಟಿಕೆಟ್ ಒಂದೋ ಎರಡೋ ಎಂಬ ನಾಲ್ಕೈದು ಸಂಗತಿಗಳ ಮೇಲೆ ನಿಂತಿದೆ.

ಮಂಗಳೂರಿನವರಿಗೆ ಇದು ದೂರದ ವಿಷಯವಲ್ಲ. 2006ರಲ್ಲಿ ಬಜಪೆಯಿಂದ ದುಬೈಗೆ ನೇರ ವಿಮಾನ ಶುರುವಾಯಿತು. ಅದಕ್ಕೂ ಮೊದಲು ಗಲ್ಫಿಗೆ ಹೋಗುವವರು ಬೊಂಬಾಯಿ ಬಸ್ಸು ಹತ್ತಬೇಕಿತ್ತು. ಇವತ್ತಿಗೂ ನಮ್ಮ ನಿಲ್ದಾಣದಿಂದ ಹೊರದೇಶಕ್ಕೆ ನೇರ ಹಾರುವ ವಿಮಾನಗಳು ಮುಖ್ಯವಾಗಿ ಕೊಲ್ಲಿಗೆ. ಗಲ್ಫಿಗೆ ಹೋಗುವವನಿಗೆ ನಡುದಾರಿಯ ವೀಸಾದ ಚಿಂತೆ ಇಲ್ಲ. ಆದರೆ ಈಗ ನಮ್ಮೂರಿನ ನರ್ಸುಗಳು ಇಂಗ್ಲೆಂಡ್, ಐರ್ಲೆಂಡಿಗೆ ಹೋಗುತ್ತಿದ್ದಾರೆ. ಹುಡುಗರು ಓದಲು ಕೆನಡಾಕ್ಕೆ, ಜರ್ಮನಿಗೆ ಹೋಗುತ್ತಿದ್ದಾರೆ. ಹಡಗಿನ ಕೆಲಸದವರು ಎಲ್ಲೆಲ್ಲಿಯದೋ ಬಂದರಿಗೆ ಹೋಗಿ ಹಡಗು ಹತ್ತುತ್ತಾರೆ. ಅವರ ಹಿಂದೆಯೇ ಬಾಣಂತನಕ್ಕೆಂದು ಅಮ್ಮಂದಿರು, ಅವರ ಜೊತೆಗೆ ಅಪ್ಪಂದಿರು ಹೊರಡುತ್ತಾರೆ. ಇವರೆಲ್ಲರೂ ಎಲ್ಲೋ ಒಂದು ಕಡೆ ವಿಮಾನ ಬದಲಿಸಲೇಬೇಕು.

ಆ ‘ಎಲ್ಲೋ ಒಂದು ಕಡೆ’ಯ ನಿಯಮಗಳು ಹೇಗಿವೆ ನೋಡಿ. ಅಮೆರಿಕದಲ್ಲಿ ವಿಮಾನ ಬದಲಿಸುವುದೆಂದರೆ ಅಮೆರಿಕ ಪ್ರವೇಶಿಸಿದಂತೆ; ಅಲ್ಲಿ ಇಳಿದ ಪ್ರತಿಯೊಬ್ಬರೂ ವಲಸೆ ತಪಾಸಣೆ ದಾಟಬೇಕು. ಹಾಗಾಗಿ ಮೆಕ್ಸಿಕೊಗೆ ಹೋಗುವ ಭಾರತೀಯನಿಗೂ ನಡುವೆ ಹ್ಯೂಸ್ಟನ್ ಬಂದರೆ ಅಮೆರಿಕದ ವೀಸಾ ಬೇಕು. ಬ್ರಿಟನ್ನಿನಲ್ಲಿ ನಿಲ್ದಾಣದೊಳಗೇ ಇದ್ದು ಹೋಗುವುದಕ್ಕೂ ಭಾರತೀಯರಿಗೆ ವೀಸಾ ಬೇಕು; ಅಮೆರಿಕ, ಕೆನಡಾ ಮುಂತಾದ ಕೆಲವು ದೇಶಗಳ ವೀಸಾ ಕೈಯಲ್ಲಿದ್ದರೆ ವಿನಾಯಿತಿ ಇದೆ. ಯುರೋಪಿನ ಷೆಂಗೆನ್ ದೇಶಗಳದ್ದು ಇನ್ನೊಂದು ಕಥೆ. ನಿಲ್ದಾಣದಲ್ಲಿ ಹಾದುಹೋಗಲೂ ವೀಸಾ ಪಡೆಯಬೇಕಾದ 12 ದೇಶಗಳ ಸಾಮಾನ್ಯ ಪಟ್ಟಿಯೊಂದು ಅವರ 2009ರ ವೀಸಾ ಸಂಹಿತೆಯಲ್ಲಿದೆ. ಭಾರತ ಅದರಲ್ಲಿಲ್ಲ. ಆದರೆ ಪ್ರತಿ ದೇಶವೂ ತನ್ನದೇ ಪಟ್ಟಿಗೆ ಬೇರೆಯವರನ್ನು ಸೇರಿಸಿಕೊಳ್ಳಬಹುದು. ಜರ್ಮನಿ ವರ್ಷಾನುಗಟ್ಟಲೆ ಭಾರತೀಯರನ್ನು ಸೇರಿಸಿಕೊಂಡಿತ್ತು. ಬ್ರಿಟನ್ನಿನ ವೀಸಾ ಇದ್ದವರಿಗೆ ಅಲ್ಲಿ ವಿನಾಯಿತಿ ಸಿಗುತ್ತಿತ್ತು. ಬ್ರಿಟನ್ ಐರೋಪ್ಯ ಒಕ್ಕೂಟದಿಂದ ಹೊರಬಂದ ಮೇಲೆ ಅದೂ ಹೋಯಿತು. 2026ರ ಜನವರಿಯಲ್ಲಿ ಭಾರತೀಯರಿಗೆ ಈ ವೀಸಾ ಬೇಡವೆಂದು ಜರ್ಮನಿ ಘೋಷಿಸಿತು. ಸಂತೋಷ. ಆದರೆ ಇಷ್ಟು ತಿರುವುಗಳನ್ನು ಮಂಗಳೂರಿನ ಯಾವ ಮನೆಯ ಜಗಲಿಯಲ್ಲಿ ಕೂತು ಯಾರು ಲೆಕ್ಕ ಇಟ್ಟುಕೊಳ್ಳಬೇಕಿತ್ತು?

ನಮ್ಮ ಬೀದಿಯ ನಿವೃತ್ತ ಮಾಷ್ಟ್ರು ಮತ್ತು ಅವರ ಹೆಂಡತಿಗೆ ಆದದ್ದನ್ನು ಇಲ್ಲಿ ಹೇಳಬೇಕು. ಮಗಳು ಇಂಗ್ಲೆಂಡಿನಲ್ಲಿ ನರ್ಸು. ಚೊಚ್ಚಲ ಹೆರಿಗೆ. ಬ್ರಿಟನ್ನಿನ ವೀಸಾ ಇಬ್ಬರಿಗೂ ಸಿಕ್ಕಿತ್ತು. ಅಳಿಯ ಅಲ್ಲಿಂದಲೇ ಒಂದು ತಾಣದಲ್ಲಿ ಟಿಕೆಟ್ ಮಾಡಿದ. ಎಲ್ಲಕ್ಕಿಂತ ಅಗ್ಗ ಎಂದು ಆ ತಾಣ ಮೇಲೆ ತೋರಿಸಿದ್ದನ್ನೇ ಮಾಡಿದ. ಬೆಂಗಳೂರಿನಿಂದ ಹೊರಟು ಯುರೋಪಿನ ಎರಡು ಊರುಗಳಲ್ಲಿ ವಿಮಾನ ಬದಲಿಸಿ ಇಂಗ್ಲೆಂಡ್. ಆ ಎರಡೂ ಊರುಗಳು ಷೆಂಗೆನ್ ಒಳಗಿನವು. ಷೆಂಗೆನ್ ಒಳಗೆ ಒಂದು ಊರಿನಿಂದ ಇನ್ನೊಂದಕ್ಕೆ ಹಾರುವುದೆಂದರೆ ನಮ್ಮಲ್ಲಿ ಬಜಪೆಯಿಂದ ಬೆಂಗಳೂರಿಗೆ ಹಾರಿದ ಹಾಗೆ, ಒಳನಾಡಿನ ಪ್ರಯಾಣ. ಮೊದಲ ಊರಿನಲ್ಲೇ ವಲಸೆ ತಪಾಸಣೆ ದಾಟಿ ಒಳಗೆ ಬರಬೇಕು. ಅದಕ್ಕೆ ಟ್ರಾನ್ಸಿಟ್ ವೀಸಾ ಕೂಡ ಸಾಲದು, ಪೂರ್ತಿ ಷೆಂಗೆನ್ ವೀಸಾ ಬೇಕು. ಇದನ್ನು ಇವರಿಗೆ ಮೊತ್ತಮೊದಲು ಹೇಳಿದವರು ಬೆಂಗಳೂರಿನ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಕೂತಿದ್ದ ಹುಡುಗಿ. ಪಾಸ್‌ಪೋರ್ಟು ನೋಡಿದಳು, ಕಂಪ್ಯೂಟರ್ ನೋಡಿದಳು, ಮೇಲಿನವರನ್ನು ಕರೆದಳು. ಹತ್ತು ನಿಮಿಷದಲ್ಲಿ ತೀರ್ಮಾನ ಆಯಿತು. ಕುಚ್ಚಲಕ್ಕಿ, ಓಮ, ಬಾಣಂತಿ ಲೇಹ್ಯ ತುಂಬಿದ್ದ ಪೆಟ್ಟಿಗೆಗಳನ್ನು ತಳ್ಳಿಕೊಂಡು ಇಬ್ಬರೂ ನಡುರಾತ್ರಿ ಹೊರಗೆ ಬಂದರು. ಟಿಕೆಟಿನ ಹಣ ವಾಪಸಾಗಲಿಲ್ಲ. ಕೊಲ್ಲಿಯ ಮೂಲಕ ಹೋಗುವ ಹೊಸ ಟಿಕೆಟಿಗೆ ಹಣ ಹೊಂದಿಸಿ ಅವರು ತಲುಪುವಾಗ ಮಗುವಿಗೆ ಐದು ದಿನ.

ಊರಿಗೆ ಮರಳಿದ ಮೇಲೆ ಅವರಿಗೆ ಸಿಕ್ಕಿದ ಸಮಾಧಾನ ಒಂದೇ ತರದ್ದು. ‘ಮಾಷ್ಟ್ರೆ, ಟಿಕೆಟ್ ಮಾಡುವಾಗ ಸರಿ ನೋಡ್ಬೇಕಿತ್ತಲ್ವಾ?’ ಅವರು ಕೊಟ್ಟ ಉತ್ತರ ನನಗೆ ಇನ್ನೂ ಸರಿಯೆನ್ನಿಸುತ್ತದೆ: ‘ಎಂತ ನೋಡುದು ಮಾರಾಯ್ರೆ? ಎಲ್ಲಿ ನೋಡುದು?’

ಮಾಷ್ಟ್ರ ಪ್ರಶ್ನೆಗೆ ಬುದ್ಧಿವಂತರ ಬಳಿ ಸಿದ್ಧ ಉತ್ತರವಿದೆ. ರಾಯಭಾರ ಕಚೇರಿಗಳ ತಾಣಗಳಿವೆ, ಇಂಟರ್ನೆಟ್ಟಿನಲ್ಲಿ ಎಲ್ಲವೂ ಇದೆ, ಹುಡುಕಿದರೆ ಸಿಗುತ್ತದೆ ಎನ್ನುತ್ತಾರೆ. ಸಿಗುತ್ತದೆ, ನಿಜ. ಆದರೆ ಹುಡುಕುವುದಕ್ಕೆ ಮೊದಲು ಹುಡುಕಬೇಕಾದದ್ದು ಒಂದಿದೆ ಎಂದು ಗೊತ್ತಿರಬೇಕು. ‘ಷೆಂಗೆನ್’ ಎಂಬ ಹೆಸರನ್ನೇ ಕೇಳದವರು ಅದರ ನಿಯಮವನ್ನು ಎಲ್ಲಿಂದ ಹುಡುಕಿಯಾರು? ಅಳಿಯ ಇಂಜಿನಿಯರು, ಇಂಗ್ಲಿಷ್ ಓದಲು ಬಾರದವನಲ್ಲ. ಅವನಿಗೇ ಇಂಥ ಪ್ರಶ್ನೆ ಹೊಳೆಯಲಿಲ್ಲ ಎಂದಾದರೆ ಕೊರತೆ ಓದಿನದ್ದಲ್ಲ. ಮಾರುವ ಕಡೆಯಲ್ಲಿ ಆ ಪ್ರಶ್ನೆ ಕಣ್ಣಿಗೆ ಬೀಳದ ಹಾಗೆ ಇದೆ.

ಈಗ ಆ ಕೌಂಟರಿನ ಹುಡುಗಿಯ ಕಂಪ್ಯೂಟರಿಗೆ ಬರೋಣ. ಅವಳಿಗೆ ಹತ್ತು ನಿಮಿಷದಲ್ಲಿ ಗೊತ್ತಾದದ್ದು ಹೇಗೆ? ವಿಮಾನ ಸಂಸ್ಥೆಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಐಯಾಟಾ ನಡೆಸುವ ‘ಟಿಮ್ಯಾಟಿಕ್’ ಎಂಬ ಮಾಹಿತಿಕೋಶವಿದೆ. ಯಾವ ದೇಶದ ಪಾಸ್‌ಪೋರ್ಟಿನವರು ಯಾವ ದೇಶದ ಮೂಲಕ ಹಾದುಹೋಗಲು ಏನೇನು ಬೇಕು ಎನ್ನುವುದನ್ನು ಅದು ದಿನದಿನವೂ ತಿದ್ದಿ ಇಟ್ಟುಕೊಂಡಿರುತ್ತದೆ. ಪಾಸ್‌ಪೋರ್ಟು ಮತ್ತು ಮಾರ್ಗದ ವಿವರ ಹಾಕಿದರೆ ಉತ್ತರ ಬರುತ್ತದೆ. ಪ್ರಪಂಚದಾದ್ಯಂತ ಚೆಕ್‌-ಇನ್ ಕೌಂಟರುಗಳು ಆತುಕೊಂಡಿರುವುದು ಇದನ್ನೇ. ಅಂದರೆ ಈ ಜ್ಞಾನ ಯಾರ ತಲೆಯಲ್ಲೂ ಇರಬೇಕಾಗಿಲ್ಲ, ಯಂತ್ರದಲ್ಲಿದೆ. ಟಿಕೆಟ್ ಮಾರುವುದೂ ಯಂತ್ರವೇ. ಒಂದು ಯಂತ್ರ ಇನ್ನೊಂದನ್ನು ಕೇಳಿದ್ದರೆ ಮಾಷ್ಟ್ರು ಅಂದು ರಾತ್ರಿ ಬೆಂಗಳೂರಿಗೆ ಹೋಗುತ್ತಲೇ ಇರಲಿಲ್ಲ.

ಏಕೆ ಕೇಳುವುದಿಲ್ಲ? ಉತ್ತರ ತಂತ್ರಜ್ಞಾನದಲ್ಲಿಲ್ಲ, ದಂಡದಲ್ಲಿದೆ. ಸರಿಯಾದ ದಾಖಲೆ ಇಲ್ಲದವರನ್ನು ಕರೆತಂದ ವಿಮಾನ ಸಂಸ್ಥೆಗೆ ದೇಶಗಳು ದಂಡ ಹಾಕುತ್ತವೆ. ಬ್ರಿಟನ್ 1987ರಲ್ಲೇ ಇದಕ್ಕೆ ಕಾಯ್ದೆ ತಂದಿತು. ಅಲ್ಲಿ ದಂಡ ತಲಾ 2,000 ಪೌಂಡು. ಐರೋಪ್ಯ ಒಕ್ಕೂಟದ 2001ರ ನಿರ್ದೇಶನದ ಪ್ರಕಾರ ಅದು ಸಾವಿರಾರು ಯುರೋ. ನಮ್ಮದೇ ದೇಶ 2000ದಲ್ಲಿ ಇಂಥದೇ ಕಾಯ್ದೆ ಮಾಡಿ ತಲಾ 1 ಲಕ್ಷ ರೂಪಾಯಿ ದಂಡ ಇಟ್ಟಿತು. ಅದರ ಜಾಗಕ್ಕೆ ಬಂದ 2025ರ ವಲಸೆ ಮತ್ತು ವಿದೇಶಿಯರ ಕಾಯ್ದೆಯೂ ಈ ಹೊಣೆಯನ್ನು ವಿಮಾನ ಸಂಸ್ಥೆಗಳ ಮೇಲೆಯೇ ಉಳಿಸಿಕೊಂಡಿದೆ. ಹಾಗಾಗಿ ವಿಮಾನ ಹತ್ತಿಸುವ ಹೊತ್ತಿಗೆ ಸಂಸ್ಥೆಯ ಕಣ್ಣು ಚುರುಕು. ಮಾರುವ ಹೊತ್ತಿಗೆ ದಂಡವಿಲ್ಲ, ಅದಕ್ಕೆ ಕಣ್ಣೂ ಇಲ್ಲ. ತನ್ನ ಜೇಬಿಗೆ ಕತ್ತರಿ ಬೀಳುವ ಕಡೆ ಎಲ್ಲವನ್ನೂ ತಿಳಿದವನು, ನಮ್ಮ ಜೇಬಿಗೆ ಬೀಳುವ ಕಡೆ ‘ಹೊಣೆ ನಿಮ್ಮದು’ ಎನ್ನುತ್ತಾನೆ. ಇಷ್ಟೇ ಆಗಿದ್ದರೆ ಸೋಮಾರಿತನ ಎನ್ನಬಹುದಿತ್ತು. ಆದರೆ ಹತ್ತಲು ಬಿಡದ ಪ್ರಯಾಣಿಕನ ಟಿಕೆಟನ್ನು ಸಾಮಾನ್ಯವಾಗಿ ‘ಬಾರದೆ ಉಳಿದವರ’ ಲೆಕ್ಕಕ್ಕೆ ಹಾಕುತ್ತಾರೆ. ಅಗ್ಗದ ಟಿಕೆಟಿನ ಹಣ ಹೋದಂತೆಯೇ. ಬಳಕೆಗೆ ಬಾರದ ಸಾಮಾನನ್ನು ಮಾರಿ, ಹಣವನ್ನೂ ಇಟ್ಟುಕೊಳ್ಳುವ ವ್ಯಾಪಾರ ಇದು.

ಈ ತಾಣಗಳಿಗೆ ಎಚ್ಚರಿಸುವುದು ಬರುವುದಿಲ್ಲ ಎಂದೂ ಅಲ್ಲ. ‘ಈ ದರಕ್ಕೆ ಎರಡೇ ಸೀಟು ಉಳಿದಿವೆ’ ಎಂದು ಕೆಂಪು ಅಕ್ಷರದಲ್ಲಿ ಹೇಳುತ್ತವೆ. ವಿಮೆ ಬೇಡ ಎಂದರೆ ‘ಅಪಾಯಕ್ಕೆ ಸಿದ್ಧನಿದ್ದೇನೆ’ ಎಂದು ನಮ್ಮಿಂದಲೇ ಹೇಳಿಸುತ್ತವೆ. ಕಿಟಕಿ ಪಕ್ಕದ ಸೀಟಿಗೆ, ಊಟಕ್ಕೆ, ಹೆಚ್ಚಿನ ಪೆಟ್ಟಿಗೆಗೆ ಒಂದೊಂದು ಪುಟ ನಿಲ್ಲಿಸಿ ಕೇಳುತ್ತವೆ. ಇಂಥ ಕೆಲವು ಚಮತ್ಕಾರಗಳು ಮಿತಿಮೀರಿದ್ದರಿಂದಲೇ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರಿನಲ್ಲಿ ‘ಡಾರ್ಕ್ ಪ್ಯಾಟರ್ನ್’ಗಳ ವಿರುದ್ಧ ಮಾರ್ಗಸೂಚಿ ಹೊರಡಿಸಿ 13 ಬಗೆಗಳನ್ನು ಪಟ್ಟಿ ಮಾಡಿತು. ಸುಳ್ಳು ಅವಸರ ಹುಟ್ಟಿಸುವುದು, ನಾಚಿಕೆಪಡಿಸಿ ಒಪ್ಪಿಸುವುದು ಎರಡೂ ಅದರಲ್ಲಿವೆ. ಹಣ ಕೊಡಿಸುವ ಎಚ್ಚರಿಕೆಗೆ ಇಷ್ಟು ಜಾಗ ಇರುವ ಪುಟದಲ್ಲಿ, ಹಣ ಉಳಿಸುವ ಒಂದು ಸಾಲಿಗೆ ಜಾಗ ಇಲ್ಲ ಎಂದರೆ ನಂಬುವುದು ಕಷ್ಟ. ಎಷ್ಟೋ ತಾಣಗಳು ಹಣ ಕಟ್ಟುವ ಮೊದಲೇ ನಮ್ಮ ರಾಷ್ಟ್ರೀಯತೆ, ಪಾಸ್‌ಪೋರ್ಟ್ ಸಂಖ್ಯೆ ಎಲ್ಲವನ್ನೂ ಬರೆಸಿಕೊಳ್ಳುತ್ತವೆ. ಭಾರತದ ಪಾಸ್‌ಪೋರ್ಟು ಎಂದು ಗೊತ್ತು, ಮಾರ್ಗ ತಾವೇ ಹೆಣೆದದ್ದು. ಇನ್ನು ಬೇಕಾದದ್ದು ಒಂದೇ ಪ್ರಶ್ನೆ: ಬೇರೆ ಯಾವ ದೇಶದ ವೀಸಾ ಇದೆ?

ನಮ್ಮ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ನಿಂತು ನೋಡಿ. ಕಂಡಕ್ಟರು ಬಾಗಿಲಲ್ಲಿ ನಿಂತು ಊರುಗಳ ಹೆಸರು ಕೂಗುತ್ತಾನೆ. ತಲಪಾಡಿ ಬಸ್ಸು ಹತ್ತಿದ ಅಜ್ಜಿಯೊಬ್ಬರು ಕಟೀಲಿಗೆ ಟಿಕೆಟ್ ಕೇಳಿದರೆ, ‘ಇದು ಹೋಗುದಿಲ್ಲ ಅಮ್ಮ, ಇಳೀರಿ’ ಎಂದು ಅಲ್ಲೇ ಇಳಿಸುತ್ತಾನೆ. ಹಣ ತೆಗೆದುಕೊಂಡು, ತಲಪಾಡಿ ಗಡಿಯಲ್ಲಿ ಇಳಿಸಿ, ‘ಬೋರ್ಡು ಓದುವ ಹೊಣೆ ನಿಮ್ಮದು’ ಎಂದು ಹೇಳುವ ಕಂಡಕ್ಟರನನ್ನು ಈ ಊರು ಸುಮ್ಮನೆ ಬಿಡುವುದಿಲ್ಲ. ಹತ್ತಿಪ್ಪತ್ತು ರೂಪಾಯಿಯ ಟಿಕೆಟಿಗೆ ನಾವು ಒಪ್ಪದ ನ್ಯಾಯವನ್ನು ಲಕ್ಷ ರೂಪಾಯಿಯ ಟಿಕೆಟಿಗೆ ಏಕೆ ಒಪ್ಪಬೇಕು?

ಹಿಂದೆ ಬಲ್ಮಠ, ಫಳ್ನೀರಿನ ಕಡೆಯ ಟ್ರಾವೆಲ್ ಏಜೆಂಟರು ಈ ಕಂಡಕ್ಟರನ ಕೆಲಸ ಮಾಡುತ್ತಿದ್ದರು ಎನ್ನುವವರಿದ್ದಾರೆ. ಒಳ್ಳೆಯವರು ಮಾಡುತ್ತಿದ್ದರು. ಪಾಸ್‌ಪೋರ್ಟು ತಿರುವಿ ನೋಡಿ, ಈ ದಾರಿ ನಿಮಗೆ ಆಗುವುದಿಲ್ಲ ಎಂದು ಬೇರೆ ದಾರಿ ಹೇಳುತ್ತಿದ್ದರು. ಆದರೆ ಆ ಕಾಲವನ್ನು ಚಿನ್ನದ ಕಾಲ ಎನ್ನುವಂತಿಲ್ಲ. ಏಜೆಂಟರನ್ನು ನಂಬಿ ಗಲ್ಫಿನ ಕನಸಿಗೆ ಹೆಂಡತಿಯ ಕರಿಮಣಿ ಅಡವಿಟ್ಟು ಮೋಸಹೋದವರ ಕಥೆಗಳು ಕರಾವಳಿಗೆ ಹೊಸತಲ್ಲ. ನನಗೆ ಮುಖ್ಯವೆನಿಸುವುದು ಆ ಕಾಲದ ಒಂದು ಕಾನೂನು. ಹೊರದೇಶಕ್ಕೆ ಕೆಲಸಕ್ಕೆ ಕಳಿಸುವ ಏಜೆಂಟರು ಸರ್ಕಾರದಲ್ಲಿ ನೋಂದಾಯಿಸಿಕೊಳ್ಳಬೇಕು, ಭದ್ರತೆಯ ಹಣ ಇಡಬೇಕು ಎಂದು 1983ರ ವಲಸೆ ಕಾಯ್ದೆ ಹೇಳಿತು. 10ನೆಯ ತರಗತಿ ಪಾಸಾಗದವರು ಗಲ್ಫಿನಂಥ ಕೆಲವು ದೇಶಗಳಿಗೆ ಕೆಲಸಕ್ಕೆ ಹೋಗುವ ಮೊದಲು ಅವರ ಕಾಗದಪತ್ರಗಳನ್ನು ಅಧಿಕಾರಿಯೊಬ್ಬರು ನೋಡಬೇಕೆಂದೂ ನಿಯಮವಾಯಿತು. ಆ ವ್ಯವಸ್ಥೆಯಲ್ಲೂ ತೂತುಗಳಿದ್ದವು. ಆದರೆ ಅದರ ಹಿಂದಿನ ತಿಳಿವಳಿಕೆ ಸರಿಯಿತ್ತು: ಕಳಿಸುವವನಿಗೆ ಗೊತ್ತಿರುವಷ್ಟು ಹೋಗುವವನಿಗೆ ಗೊತ್ತಿರುವುದಿಲ್ಲ, ಹಾಗಾಗಿ ಎಲ್ಲ ಹೊಣೆಯನ್ನೂ ಹೋಗುವವನ ತಲೆಗೆ ಕಟ್ಟಬಾರದು. 1983ರಲ್ಲಿ ನಮಗಿದ್ದ ಈ ವಿವೇಕವನ್ನು ಆನ್‌ಲೈನ್ ಎನ್ನುವ ಒಂದು ಪದ ಕೇಳಿ ಮರೆಯಬೇಕೆ?

ಎದುರು ವಾದಗಳೂ ಇವೆ. ನಿಯಮ ಬದಲಾಗುತ್ತಲೇ ಇರುತ್ತದೆ, ಇವತ್ತು ಹೇಳಿದ್ದು ಹಾರುವ ದಿನ ತಪ್ಪಾದರೆ ಯಾರು ಜವಾಬ್ದಾರಿ ಎನ್ನುತ್ತಾರೆ. ಇವತ್ತಿನ ದಿನಾಂಕ ಹಾಕಿ ಇವತ್ತಿನ ನಿಯಮ ಹೇಳಲಿ. ಆಮೇಲೆ ಬದಲಾದರೆ ಅದು ಮಾರಿದವನ ತಪ್ಪೆಂದು ಯಾರೂ ಹೇಳುವುದಿಲ್ಲ. ಪ್ರಯಾಣಿಕನೇ ತಪ್ಪು ಮಾಹಿತಿ ಕೊಟ್ಟರೆ ಎನ್ನುತ್ತಾರೆ. ಕೊಟ್ಟರೆ ನಷ್ಟ ಅವನದ್ದು, ತಕರಾರಿಲ್ಲ. ಕೊನೆಗೆ ಬರುವುದು, ಎಲ್ಲವನ್ನೂ ಬಾಯಿಗೆ ತುತ್ತಿಟ್ಟ ಹಾಗೆ ಹೇಳುತ್ತ ಹೋದರೆ ಜನ ಜವಾಬ್ದಾರಿ ಕಲಿಯುವುದಿಲ್ಲ ಎಂಬ ವಾದ. ಒಂದು ಸಲ ಕಲಿತು ಮುಗಿಯುವ ಪಾಠವಾಗಿದ್ದರೆ ಈ ಮಾತು ಒಪ್ಪಬಹುದಿತ್ತು. ಜೀವಮಾನದಲ್ಲಿ ಒಂದೋ ಎರಡೋ ಸಲ ವಿಮಾನ ಹತ್ತುವ ಅಮ್ಮನಿಗೆ, ಪ್ರತಿ ವರ್ಷ ಬದಲಾಗುವ ನಿಯಮವನ್ನು ಲಕ್ಷ ರೂಪಾಯಿ ಶುಲ್ಕದಲ್ಲಿ ಕಲಿಸುವುದು ಶಿಕ್ಷಣವಲ್ಲ, ಸುಲಿಗೆ.

ಇನ್ನೂ ಒಂದು ಬಲೆ ಹೊಸದಾಗಿ ಹರಡಿದೆ. ಒಂದು ಸಂಸ್ಥೆಯ ವಿಮಾನದಲ್ಲಿ ಮಂಗಳೂರಿನಿಂದ ದುಬೈ, ಅಲ್ಲಿಂದ ಮುಂದೆ ಸಂಬಂಧವೇ ಇಲ್ಲದ ಇನ್ನೊಂದು ಸಂಸ್ಥೆಯ ವಿಮಾನ. ಎರಡು ಬೇರೆ ಟಿಕೆಟುಗಳನ್ನು ಒಂದೇ ಪ್ರಯಾಣವೆಂಬಂತೆ ಅಂಟಿಸಿ ಮಾರುವುದು. ಇಂಥ ಪ್ರಯಾಣದಲ್ಲಿ ನಡುವೆ ಪೆಟ್ಟಿಗೆ ಬಿಡಿಸಿಕೊಂಡು ಮತ್ತೆ ಒಪ್ಪಿಸಬೇಕಾದರೆ ಆ ದೇಶದೊಳಗೆ ಹೋಗಬೇಕು, ಹೋಗಲು ಆ ದೇಶದ ಅನುಮತಿ ಬೇಕು. ಒಂದೇ ಟಿಕೆಟಿನಲ್ಲಿ ದುಬೈ ನಿಲ್ದಾಣದೊಳಗೇ ವಿಮಾನ ಬದಲಿಸಿ ಅಭ್ಯಾಸ ಇರುವ ನಮ್ಮವರಿಗೆ ಈ ವ್ಯತ್ಯಾಸ ಪೆಟ್ಟಿಗೆ ಬಾರದಿದ್ದಾಗಲೇ ಅರ್ಥವಾಗುವುದು.

ಕಾನೂನು ಪೂರ್ತಿ ನಮ್ಮ ವಿರುದ್ಧ ಇದೆ ಎಂದು ತಿಳಿಯಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ಸೇವೆಯ ‘ಕೊರತೆ’ ಎಂದರೇನು ಎಂದು ವಿವರಿಸುವಾಗ, ಸಂಬಂಧಪಟ್ಟ ಮಾಹಿತಿಯನ್ನು ಗ್ರಾಹಕನಿಂದ ಉದ್ದೇಶಪೂರ್ವಕವಾಗಿ ತಡೆಹಿಡಿಯುವುದನ್ನೂ ಅದರೊಳಗೆ ಸೇರಿಸಿದೆ. ಗ್ರಾಹಕನ ಮೇಲೆ ಅತಿ ಭಾರ ಹೇರುವ ‘ಅನ್ಯಾಯದ ಒಪ್ಪಂದ’ ಎಂಬ ಕಲ್ಪನೆಯನ್ನೂ ತಂದಿದೆ. ಮಾರಿದವನು ಎಲ್ಲಿದ್ದರೂ ನೀವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ದಕ್ಷಿಣ ಕನ್ನಡದ ಜಿಲ್ಲಾ ಗ್ರಾಹಕರ ಆಯೋಗ ಮಂಗಳೂರಿನಲ್ಲೇ ಇದೆ. ಕೊಟ್ಟ ಹಣ 5 ಲಕ್ಷ ರೂಪಾಯಿಯವರೆಗಿದ್ದರೆ ದೂರಿಗೆ ಶುಲ್ಕವಿಲ್ಲ. ಸಹಾಯವಾಣಿ 1915. ಹಾರದೆ ಉಳಿದ ಟಿಕೆಟಿನಲ್ಲೂ ಸರ್ಕಾರಿ ತೆರಿಗೆ ಮತ್ತು ನಿಲ್ದಾಣದ ಶುಲ್ಕಗಳನ್ನು ಭಾರತದ ವಿಮಾನ ಸಂಸ್ಥೆಗಳು ವಾಪಸು ಕೊಡಲೇಬೇಕೆಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮವಿದೆ. ಕೇಳದವರಿಗೆ ಅದೂ ಸಿಗುವುದಿಲ್ಲ. ಷರತ್ತಿಗೆ ಒಪ್ಪಿಗೆ ಕೊಟ್ಟಿದ್ದೀರಲ್ಲ ಎಂಬ ಉತ್ತರ ಬಂದೇ ಬರುತ್ತದೆ. ಬರಲಿ. ಒಂದೊಂದೇ ಊರಿನಿಂದ ದೂರು ಹೋಗದೆ ಆ ಉತ್ತರದ ಬಲ ಎಷ್ಟೆಂದು ಯಾರೂ ಪರೀಕ್ಷಿಸಿದಂತಾಗುವುದಿಲ್ಲ.

ಆದರೆ ನೊಂದವರು ಒಬ್ಬೊಬ್ಬರಾಗಿ ಆಯೋಗದ ಮೆಟ್ಟಿಲು ಹತ್ತುವುದಕ್ಕಿಂತ ಮಾರುವ ಕಡೆಯಲ್ಲೇ ನಿಯಮ ಬರುವುದು ಸುಲಭ. ಸರ್ಕಾರ ಮಾಡಬೇಕಾದದ್ದು ದೊಡ್ಡದೇನಲ್ಲ. ಅಂತರರಾಷ್ಟ್ರೀಯ ಟಿಕೆಟ್ ಮಾರುವ ಪ್ರತಿ ತಾಣವೂ ಹಣ ಪಡೆಯುವ ಮೊದಲು ಪಾಸ್‌ಪೋರ್ಟಿನ ದೇಶ ಮತ್ತು ಇರುವ ವೀಸಾ ಕೇಳಲಿ. ಈ ದಾರಿಗೆ ಇಂಥ ವೀಸಾ ಬೇಕು ಎಂದು ಬೆಲೆ ತೋರಿಸುವಷ್ಟೇ ದೊಡ್ಡ ಅಕ್ಷರದಲ್ಲಿ, ಗ್ರಾಹಕ ಆರಿಸಿದ ಭಾಷೆಯಲ್ಲಿ ಹೇಳಲಿ. ಎರಡು ಟಿಕೆಟು ಅಂಟಿಸಿದ್ದರೆ ಅದನ್ನೂ ಹೇಳಲಿ. ಹೇಳಿದ್ದಕ್ಕೆ ದಾಖಲೆ ಇಟ್ಟುಕೊಳ್ಳಲಿ. ಹೇಳಿದ ಮೇಲೂ ಕೊಂಡರೆ ಹೊಣೆ ಪ್ರಯಾಣಿಕನದ್ದೇ. ಹೇಳದೆ ಮಾರಿದ್ದರೆ ಪೂರ್ತಿ ಹಣ ವಾಪಸು. ಹೇಳದೆ ಇರುವುದು ಲಾಭವಾಗಿರುವವರೆಗೆ ಯಾರೂ ಹೇಳುವುದಿಲ್ಲ. ಅದು ನಷ್ಟವಾದ ಮರುದಿನವೇ ಟಿಮ್ಯಾಟಿಕ್ ಟಿಕೆಟಿನ ಪುಟಕ್ಕೆ ಬರುತ್ತದೆ.

ಅಲ್ಲಿಯವರೆಗೆ ಪ್ರಯಾಣಿಕರು ಎಚ್ಚರ ಇರಬೇಕಾದದ್ದು ಹೌದು. ಟಿಕೆಟ್ ಮಾಡುವ ಮೊದಲು ಇಳಿಯುವ ಪ್ರತಿ ಊರಿನ ಹೆಸರು ಬರೆದುಕೊಂಡು, ಆಯಾ ದೇಶದ ರಾಯಭಾರ ಕಚೇರಿಯ ತಾಣದಲ್ಲಿ ಭಾರತೀಯರಿಗೆ ಏನಿದೆ ಎಂದು ನೋಡಿ. ಎರಡು ಷೆಂಗೆನ್ ಊರುಗಳಿರುವ ದಾರಿಯನ್ನು ಆ ವೀಸಾ ಇಲ್ಲದೆ ಮುಟ್ಟಬೇಡಿ. ಆದರೆ ಇದು ಮಳೆಗಾಲದಲ್ಲಿ ಕೊಡೆ ಹಿಡಿದು ಹೋಗಿ ಎಂದಷ್ಟೇ. ರಸ್ತೆಯ ಹೊಂಡ ಮುಚ್ಚುವ ಕೆಲಸ ಕೊಡೆ ಹಿಡಿದವರದ್ದಲ್ಲ.